ಅಂಜುತ್ತ ಅಂಜುತ್ತ ಆದಾಯ ಕೇಳಿದವರು

ನಾನು ಕಂಡ ಗಂಡಸರಲ್ಲಿ ಅವರಷ್ಟು ಅಂಜುವವರು ಇನ್ನೊಬ್ಬರಿರಲಿಲ್ಲ. ನಾಯಿಗೆ ಅಂಜುತ್ತಿದ್ದರು, ಸಿಡಿಲಿಗೆ ಅಂಜುತ್ತಿದ್ದರು. ರೈಲು ಗೇಟು ತೆರೆದಿದ್ದರೂ ಎರಡೂ ಕಡೆ ನೋಡಿ, ಮತ್ತೊಮ್ಮೆ ನೋಡಿ, ಆಮೇಲೆ ಧೋತರ ಎತ್ತಿಕೊಂಡು ಓಡಿ ದಾಟುತ್ತಿದ್ದರು. ತಂತಿ ಸುದ್ದಿ ತರುವವನು ಓಣಿಗೆ ಬಂದರೆ, ಅವನು ಯಾರ ಮನೆಗೇ ಬಂದಿರಲಿ, ಇವರ ಬಾಯಿ ಒಣಗುತ್ತಿತ್ತು. ಹೊಸ ಪೈಸೆ ಚಲಾವಣೆಗೆ ಬಂದು ಬಹಳ ದಿನವಾದರೂ ಅದನ್ನು ನಂಬದೆ ಚೀಲದ ಮೂಲೆಯಲ್ಲಿ ಹಳೆಯ ಆಣೆಗಳನ್ನು ಗಂಟು ಹಾಕಿ ಇಟ್ಟುಕೊಂಡಿದ್ದರು. ‘ಇವು ನಾಳೆ ನಡೀಲಿಲ್ಲಂದ್ರ ಏನ ಮಾಡೋದ್ರೀ?’ ಎಂದು ನನ್ನನ್ನು ಕೇಳಿದ್ದರು. ಸರಕಾರದ ನೌಕರರೇ ಸರಕಾರದ ನಾಣ್ಯವನ್ನು ನಂಬದಿದ್ದರೆ ಜನ ನಮ್ಮನ್ನು ಹೇಗೆ ನಂಬಿಯಾರು ಎಂದು ನಾನು ನಕ್ಕಿದ್ದೆ.

ಹೋದ ವಾರ ಅವರು ತೀರಿಕೊಂಡರೆಂದು ಧಾರವಾಡದ ಗೆಳೆಯನೊಬ್ಬ ಬಸ್ಸಿನಲ್ಲಿ ಸಿಕ್ಕು ಹೇಳಿದ. ನಿದ್ದೆಯಲ್ಲೇ ಹೋದರಂತೆ. ಒಳ್ಳೆಯದಾಯಿತು ಎನ್ನಿಸಿತು. ಎಚ್ಚರವಿದ್ದರೆ ಬಹಳ ಅಂಜುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಚ್ಚಿನಲ್ಲಿ ಹೆಸರು ಬರುವುದಕ್ಕೂ ಅವರು ಅಂಜುತ್ತಿದ್ದರು. ಆಫೀಸಿನಲ್ಲಿ ಎಲ್ಲರಿಗೂ ಅವರು ರಾಯರು. ಬೆನ್ನ ಹಿಂದೆ ಅಂಜುಬುರುಕ ರಾಯರು.

ನಾನು ಬೈರಿದೇವರಕೊಪ್ಪದ ಕೇರಿಯವನು. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ. ನಮ್ಮ ಮನೆತನದಲ್ಲಿ ಸಾಲಿ ಕಲಿತವನು ನಾನೇ ಮೊದಲು, ಬಿ.ಎ. ಮುಗಿಸಿದವನೂ ನಾನೇ ಮೊದಲು. ಈ ಮಾತನ್ನು ನಾನು ಎಲ್ಲ ಕಡೆಗೂ ಹೇಳುತ್ತೇನೆ. ಹೇಳಬಾರದೆಂದು ಯಾರಾದರೂ ಅಂದರೆ ಇನ್ನೊಮ್ಮೆ ಹೇಳುತ್ತೇನೆ. ಕಂದೀಲಿನ ಬೆಳಕಿನಲ್ಲಿ ಓದಿ, ಹುಬ್ಬಳ್ಳಿಯ ಕಾಲೇಜಿಗೆ ನಡೆದು ಹೋಗಿ ನಡೆದು ಬಂದು ಪಡೆದ ಡಿಗ್ರಿ ಅದು. ಆಮೇಲೆ ಸಿಕ್ಕಿದ್ದು ಸರಕಾರದ ಒಂದು ಹಂಗಾಮಿ ನೌಕರಿ. ಊರಿನ ಮನೆಮನೆಗೆ ಹೋಗಿ ಆ ಮನೆಯ ಆದಾಯ ಎಷ್ಟು, ಖರ್ಚು ಎಷ್ಟು ಎಂದು ಕೇಳಿ ಬರೆದುಕೊಂಡು ಬರುವ ಕೆಲಸ. ರಾಯರು ನಮ್ಮ ಮೇಲ್ವಿಚಾರಕರು. ನಾನು ಕೆಲಸಕ್ಕೆ ಸೇರುವ ದಿನ ಅಪ್ಪ ಹೇಳಿದ್ದು ಒಂದೇ ಮಾತು: ‘ಸರಕಾರಿ ನೌಕರಿ ಅಂದ್ರ ತುಂಬಿದ ಕೊಡ ಹೊತ್ತಂಗ. ಅತ್ಲಾಗ ಇತ್ಲಾಗ ನೋಡಬ್ಯಾಡ. ತುಳುಕಿತಂದ್ರ ಮತ್ತ ಯಾರೂ ತುಂಬಿ ಕೊಡಂಗಿಲ್ಲ.’ ನನ್ನ ಅಂಜಿಕೆ ಅಲ್ಲಿಂದಲೇ ಸುರುವಾಯಿತು. ಹಂಗಾಮಿ ಎಂದರೆ ಯಾವ ದಿನ ಬೇಕಾದರೂ ಸಾಕು ಅನ್ನಬಹುದು.

ಆದಾಯ ಕೇಳಲು ಹೋದವನ ಜಾತಿಯನ್ನು ಮೊದಲು ಕೇಳುವ ಪದ್ಧತಿ ಆಗ ಬಹಳ ಮನೆಗಳಲ್ಲಿತ್ತು. ‘ಯಾವೂರು?’ ಎಂದು ಸುರುಮಾಡಿ, ‘ಯಾರ ಪೈಕಿ?’ ಎಂದು ಮುಗಿಸುತ್ತಿದ್ದರು. ನಾನು ಸುಳ್ಳು ಹೇಳುತ್ತಿರಲಿಲ್ಲ. ಹೇಳಿದ ಮೇಲೆ ರಾಯರಿಗೆ ಒಳಗೆ ಚಾಪೆ, ನನಗೆ ಹೊರಗೆ ಕಟ್ಟೆ. ಮೊದಲ ಸಲ ಹೀಗಾದಾಗ ಒಳಗಿನಿಂದ ‘ಬರ್ರಿ ರಾಯರ, ಒಳಗ ಬರ್ರಿ’ ಎಂದು ಕರೆದರು. ರಾಯರು ಕಟ್ಟೆಯ ಮೇಲೆ, ನನ್ನ ಪಕ್ಕದಲ್ಲೇ ಕೂತುಬಿಟ್ಟರು.

‘ಬ್ಯಾಡ್ರಿ. ಒಳಗ ಬಂದ್ರ ಹೊರಗ ಹ್ಯಾಂಗ ಹೋಗೋದು ಅನ್ನೋ ಚಿಂತಿ ಹತ್ತತದ ನನಗ. ಇಲ್ಲೇ ಗಾಳಿ ಛಲೋ ಅದ.’

ಅಂದಿನಿಂದ ಯಾವ ಮನೆಯಲ್ಲೂ ಅವರು ಕಟ್ಟೆ ದಾಟಿದ್ದು ನಾನು ನೋಡಲಿಲ್ಲ. ಅದು ನನಗಾಗಿ ಮಾಡಿದ್ದೋ, ಖರೇವಂದರೂ ಅಂಜಿಕೆಯೋ, ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಅಂಜುತ್ತಿದ್ದರು.

ನಮಗೆ ಗೊತ್ತು ಮಾಡಿದ್ದ ಪ್ರದೇಶ ಗಿರಣಿಯ ಹಿಂದಿನ ಒಂದು ಓಣಿ, ಮತ್ತು ಅದರಾಚೆ ಅರಳೆ ವ್ಯಾಪಾರಿಗಳ ದೊಡ್ಡ ಮನೆಗಳ ಒಂದು ಸಾಲು. ಓಣಿಯಲ್ಲಿ ಅರ್ಧ ಗಿರಣಿ ಕೆಲಸಗಾರರು, ಅರ್ಧ ಗಾಡಿ ಹೊಡೆಯುವವರು, ಬೀಡಿ ಕಟ್ಟುವವರು. ಗಡಿಯಲ್ಲಿ ಯುದ್ಧವಾಗಿ, ಬಂಗಾರದ ಕಾಯ್ದೆ ಬಂದ ಹೊಸದು. ಸರಕಾರದವರು ಯಾಕೆ ಮನೆ ಲೆಕ್ಕ ಕೇಳುತ್ತಾರೆ ಎನ್ನುವುದಕ್ಕೆ ಓಣಿಯಲ್ಲಿ ಒಂದೊಂದು ಬಾಗಿಲಿಗೆ ಒಂದೊಂದು ಉತ್ತರವಿತ್ತು. ಹರೆಯದ ಗಂಡಸರನ್ನು ಯುದ್ಧಕ್ಕೆ ಒಯ್ಯುತ್ತಾರಂತೆ. ಕೊರಳೊಳಗಿನ ತಾಳಿ ತೂಗಿಸಿಕೊಂಡು ಹೋಗುತ್ತಾರಂತೆ. ತೀರ ಬಡವರು ಕಂಡರೆ ಓಣಿಯನ್ನೇ ಕೆಡವಿ ಊರ ಹೊರಗೆ ಹಾಕುತ್ತಾರಂತೆ. ನಾವು ಓಣಿಯ ಬಾಯಿಗೆ ಬಂದರೆ ಸಾಕು, ಬಾಗಿಲುಗಳು ಒಂದರ ಹಿಂದೊಂದು ಮುಚ್ಚುವ ಸಪ್ಪಳ ಕೇಳುತ್ತಿತ್ತು. ನಾನು ಮುಚ್ಚಿದ ಬಾಗಿಲುಗಳನ್ನು ಎಣಿಸುತ್ತಿದ್ದೆ. ಗೊತ್ತು ಮಾಡಿದಷ್ಟು ಮನೆಗಳ ಲೆಕ್ಕ ತುಂಬದಿದ್ದರೆ ನನ್ನ ನೌಕರಿ ಉಳಿಯುತ್ತಿರಲಿಲ್ಲ.

ಬಾಗಿಲು ತೆರೆಸಿದ್ದು ರಾಯರ ಅಂಜಿಕೆಯೇ. ಓಣಿಯ ಕರಿ ನಾಯಿಯೊಂದು ಬೊಗಳುತ್ತ ಬಂದಾಗ ಅವರು ಕೊಡೆ, ಚೀಲ ಎಲ್ಲ ಬಿಟ್ಟು ನಿಂತಿದ್ದ ಎತ್ತಿನ ಗಾಡಿಯನ್ನು ಏರಿಬಿಟ್ಟರು. ಕಿಟಕಿಯ ಹಿಂದೆ ಯಾರೋ ಕಿಸಕ್ಕೆಂದರು. ಮುಂದಿನ ಮನೆಯ ಬಾಗಿಲು ತೆರೆಯಿತು. ಬೀಡಿ ಎಲೆ ಕತ್ತರಿಸುತ್ತಿದ್ದ ಹೆಣ್ಣುಮಗಳೊಬ್ಬಳು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ನಾಯಿಯನ್ನು ಬೈದು ಓಡಿಸಿದಳು.

‘ಇಳೀರ್ರಿ ಸಾಹೇಬ್ರ, ಇಳೀರ್ರಿ. ಅದಕ್ಕ ಹಲ್ಲ ಇಲ್ಲ.’

‘ಖರೇ ಹೇಳ್ತೀರೇನ್ರಿ?’

‘ನಿಮ್ಮ ಮುಂದ ಸುಳ್ಳ ಹೇಳಿ ನನಗ ಏನ ಸಿಗತೈತ್ರಿ? ಮುದಿ ನಾಯಿ ಅದು.’

ಆಕೆಯನ್ನು ಇಲ್ಲಿ ಹುಸೇನಬಿ ಎನ್ನುತ್ತೇನೆ, ಆಕೆಯ ಗಂಡನನ್ನು ಮೌಲಾಸಾಬ ಎನ್ನುತ್ತೇನೆ. ಆತ ಗಿರಣಿಯಲ್ಲಿ ಫಿಟ್ಟರು. ಓಣಿಯಲ್ಲಿ ಹುಸೇನಬಿಯ ಬಾಯಿಗೆ ಎದುರಿರಲಿಲ್ಲ. ರಾಯರನ್ನು ಗಾಡಿಯಿಂದ ಇಳಿಸಿದ ಆಕೆಯೇ ಮರುಗಳಿಗೆಗೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

‘ನಮ್ಮ ಗಡಿಗ್ಯಾಗ ಏನೈತಿ ಅಂತ ಸರಕಾರಕ್ಕ ಯಾಕ ಬೇಕ್ರಿ? ಹಾಕೋರಿದ್ದೀರೇನು, ತಗೊಳ್ಳೋರಿದ್ದೀರಿ?’

ನಾನು ಕಾಲೇಜಿನಲ್ಲಿ ಕಲಿತದ್ದೆಲ್ಲ ಹೇಳಿದೆ. ಯೋಜನೆ, ಅಭಿವೃದ್ಧಿ, ದೇಶದ ಸಂಪತ್ತು ಎಲ್ಲಿ ಹರಿಯುತ್ತದೆ ಎಂದು ತಿಳಿಯಬೇಕಾದರೆ ಪ್ರತಿ ಮನೆಯ ಲೆಕ್ಕ ಬೇಕು, ಇತ್ಯಾದಿ. ಆಕೆ ರಾಯರ ಕಡೆ ನೋಡಿ, ‘ಈ ಹುಡುಗ ಏನಂತೈತ್ರಿ?’ ಎಂದಳು.

‘ಅದು ನನಗೂ ಪೂರ್ತಿ ತಿಳಿಯೂದಿಲ್ಲವಾ. ಕೇಳಿಕೊಂಡು ಬಾ ಅಂತಾರ, ಬರ್ತೀವಿ. ಕೇಳ್ದ ಹೋದ್ರ ಬೈತಾರ.’

ಓಣಿ ನಕ್ಕಿತು. ತನಗಿಂತ ಹೆಚ್ಚು ಅಂಜುವವನನ್ನು ಕಂಡರೆ ಮನುಷ್ಯನಿಗೆ ಧೈರ್ಯ ಬರುತ್ತದೆ. ಅಂದಿನಿಂದ ಬಾಗಿಲುಗಳು ತೆರೆದವು. ಆದರೆ ಬಾಗಿಲು ತೆರೆದ ಕೂಡಲೆ ಲೆಕ್ಕ ಹೊರಗೆ ಬರುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮನೆಯ ಪಾತ್ರೆ ಪಡಗವನ್ನೂ ನಾವು ಬರೆದುಕೊಳ್ಳಬೇಕಿತ್ತು. ಮೊದಲ ಮನೆಯಲ್ಲಿ ಒಂದು ತಾಮ್ರದ ಹಂಡೆ, ಥಳಥಳ ಬೆಳಗಿದ್ದು, ಬಾಗಿಲಿಗೆ ಕಾಣುವಂತೆ ಇಟ್ಟಿದ್ದರು. ಬರೆದೆ. ಎರಡನೆಯ ಮನೆಯಲ್ಲೂ ಒಂದು ಹಂಡೆ. ಬರೆದೆ. ಮೂರನೆಯ ಮನೆಯಲ್ಲೂ ಹಂಡೆ, ಜೊತೆಗೆ ಹಿತ್ತಾಳೆಯ ಕೊಡಗಳು. ಅದನ್ನೂ ಬರೆದು, ಓಣಿಯ ಪರಿಸ್ಥಿತಿ ನಾವು ತಿಳಿದಷ್ಟು ಕೆಟ್ಟಿಲ್ಲ ಎಂದು ರಾಯರಿಗೆ ಹೇಳಿದೆ. ಅವರು ಹಂಡೆಯ ಹೊಟ್ಟೆಯ ಮೇಲಿನ ತಗ್ಗನ್ನೇ ನೋಡುತ್ತಿದ್ದರು.

‘ಈ ಹಂಡೇಕ ಕಾಲು ಅವ ಏನ್ರಿ?’ ಎಂದರು ಮೆಲ್ಲಗೆ. ‘ನಮ್ಮ ಹಿಂದಿಂದನ ಬರ್ಲಿಕ್ಕೆ ಹತ್ಯದ.’

ಹಿತ್ತಲ ಕಡೆಯಿಂದ ಹಂಡೆ ಮನೆಯಿಂದ ಮನೆಗೆ ನಡೆಯುತ್ತಿತ್ತು. ಹುಸೇನಬಿಯನ್ನು ಕೇಳಿದರೆ ಆಕೆಗೆ ನಾಚಿಕೆಯೇ ಇಲ್ಲ.

‘ಹೌದ್ರಿ. ಹೆಣ್ಣ ನೋಡಾಕ ಬೀಗರು ಬಂದಾಗೂ ಹಿಂಗ ಮಾಡತೇವಿ. ಓಣ್ಯಾಗ ಇರೂದ ಒಂದ ಹಂಡೆ. ಯಾರ ಮನಿಗಿ ಮಂದಿ ಬರತಾರೋ ಅವರ ಮನ್ಯಾಗ ಇರತೈತಿ. ಓಣಿ ಮರ್ಯಾದಿ ಪ್ರಶ್ನೆ ಅಲ್ಲೇನ್ರಿ? ಏನೂ ಇಲ್ಲದವರು ಅಂತ ನೀವು ಬರಕೊಂಡ ಹೋದ್ರಿ, ನಾಳೆ ನಮ್ಮ ಹುಡಿಗ್ಯಾರನ್ನ ಯಾರ ಮಾಡಕೊಳ್ಳತಾರ?’

ನಾನು ಬರೆದದ್ದನ್ನೆಲ್ಲ ಹೊಡೆದು ಹಾಕಿದೆ. ನಮ್ಮ ಕೇರಿಯಲ್ಲೂ ಬೀಗರು ಬಂದಾಗ ಪಕ್ಕದ ಮನೆಯ ಕಂಬಳಿ ನಮ್ಮ ಮನೆಗೆ ಬರುತ್ತಿತ್ತು. ಆದರೂ ಅದು ನನಗೆ ಹೊಳೆದಿರಲಿಲ್ಲ.

ಮರುವಾರ ದೊಡ್ಡ ಮನೆಗಳ ಸಾಲಿಗೆ ಹೋದೆವು. ಅರಳೆಯ ವ್ಯಾಪಾರಿಯೊಬ್ಬ ತೇಪೆ ಹಾಕಿದ ಬನಿಯನ್ನು ತೊಟ್ಟು ಹೊರಗೆ ಬಂದ. ಅವನು ರೇಶಿಮೆ ಜುಬ್ಬಾ ಇಲ್ಲದೆ ಮಾರ್ಕೆಟ್ಟಿಗೆ ಹೋದದ್ದನ್ನು ಹುಬ್ಬಳ್ಳಿಯಲ್ಲಿ ಯಾರೂ ನೋಡಿರಲಿಲ್ಲ.

‘ಏನ ಬರೀತೀರಿ ಬಿಡ್ರಿ. ಕಾಲಾ ಕೆಟ್ಟೈತಿ. ದೇವರು ಹೆಂಗೋ ನಡಸ್ಯಾನ.’

ಪಡಸಾಲೆಯ ಗೋಡೆಯ ಮೇಲೆ ದೊಡ್ಡ ಕನ್ನಡಿಗಳನ್ನು ತೆಗೆದ ಜಾಗ ಬೆಳ್ಳಗೆ ಕಾಣುತ್ತಿತ್ತು. ಜೋಕಾಲಿಯ ಬೆಳ್ಳಿಯ ಸರಪಳಿ ಬಿಚ್ಚಿ ಹಗ್ಗ ಕಟ್ಟಿದ್ದರು. ಕಟ್ಟೆಯ ಮೇಲೆ ನಿಂತ ರಾಯರಿಗೆ ಆತ ಒಳಗೆ ಬಂದು ಜೋಕಾಲಿಯ ಮೇಲೆ ಕೂಡಲು ಹೇಳಿದ. ಇವರು ಕೈ ಮುಗಿದರು.

‘ಅಂಜಿಕಿ ಬರ್ತದ್ರಿ. ಹಗ್ಗ ಭಾಳ ಹೊಸಾದದ. ಇನ್ನೂ ಭಾರ ಕಂಡಿಲ್ಲ ಅದು.’

ವ್ಯಾಪಾರಿಯ ಮುಖ ಕೆಂಪೇರಿತು. ಆ ಮಾತು ಕುಹಕವಲ್ಲ ಎಂದು ಅವನಿಗೆ ಹೇಗೆ ತಿಳಿಯಬೇಕು! ರಾಯರು ಖರೇವಂದರೂ ಹಗ್ಗಕ್ಕೆ ಅಂಜಿದ್ದರು.

ಅಲ್ಲಿಂದ ಬರುವಾಗ ದಾರಿಯಲ್ಲಿ ಅವರು ಬೇವಿನ ಮರದ ಕೆಳಗೆ ನಿಂತು ಹೇಳಿದ ಮಾತು ನನ್ನ ಬಿ.ಎ. ಪಾಠಗಳಿಗಿಂತ ಗಟ್ಟಿಯಾಗಿ ಉಳಿದಿದೆ. ‘ಇಬ್ಬರೂ ಅಂಜ್ಯಾರ್ರಿ. ಅವರು, ಇದ್ದದ್ದು ಹೋದೀತು ಅಂತ. ಇವರು, ಇಲ್ಲದ್ದು ತಿಳಿದೀತು ಅಂತ. ಅವರು ತಗ್ಗಿಸಿ ಹೇಳ್ತಾರ, ಇವರು ಏರಿಸಿ ಹೇಳ್ತಾರ. ನಮ್ಮ ಕಾಗದದ ಮ್ಯಾಲ ಇಬ್ಬರೂ ಹತ್ತಿರ ಹತ್ತಿರ ಬಂದು ನಿಂತುಬಿಡ್ತಾರ.’

‘ಹಂಗಾದ್ರ ನಾವು ಏನ ಬರಿಯೂದ್ರಿ ಸರ?’

‘ಹೇಳಿದ್ದು ಬರೀಬೇಕು. ಹೇಳದ್ದನ್ನ ಹೇಳೋ ತನಕ ಕೂಡಬೇಕು.’

ಹಾಗೆ ಅವರು ಕೂಡುತ್ತಿದ್ದರು. ಅದೇ ಕಟ್ಟೆಗೆ ಮತ್ತೆ ಮತ್ತೆ ಹೋಗಿ, ಬಿಸಿಲು ಸರಿದಂತೆ ತಾವೂ ಸರಿಯುತ್ತ, ಏನನ್ನೂ ಕೇಳದೆ. ಜನ ತಾವಾಗಿ ಸುರುಮಾಡುತ್ತಿದ್ದರು. ಯಾರಾದರೂ ಗುಟ್ಟಿನ ಮಾತು ಹೇಳಿದರೆ, ದೇವರ ಮುಂದೆ ಬಡಿದುಕೊಂಡಂತೆ ಎರಡೂ ಗಲ್ಲ ಬಡಿದುಕೊಂಡು, ಆಮೇಲೆ ಪೆನ್ಸಿಲು ಹಿಡಿಯುತ್ತಿದ್ದರು.

ಹುಸೇನಬಿಯ ಮನೆಯ ಲೆಕ್ಕ ಮಾತ್ರ ಹೊಂದುತ್ತಿರಲಿಲ್ಲ. ಮೌಲಾಸಾಬನ ಪಗಾರಕ್ಕೂ ಬೀಡಿಯ ಗಳಿಕೆಗೂ ಆ ಮನೆಯ ಹೊಟ್ಟೆ ತುಂಬುವುದು ಸಾಧ್ಯವಿರಲಿಲ್ಲ, ಆದರೆ ತುಂಬುತ್ತಿತ್ತು. ಒಂದು ರವಿವಾರ ಮಧ್ಯಾಹ್ನ ಕಟ್ಟೆಯ ಮೇಲೆ ಕೂತಿದ್ದಾಗ ಒಳಗಿನಿಂದ ಕಾನಸಿನಿಂದ ಕಬ್ಬಿಣ ಉಜ್ಜುವ ಸಪ್ಪಳ ಬಂತು. ರಾಯರು ಬೆಚ್ಚಿ ಎದ್ದರು.

‘ಏನವಾ ಅದು?’

ಹುಸೇನಬಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಒಳಗೆ ಸಪ್ಪಳವೂ ನಿಂತಿತು. ಆಕೆ ದನಿ ಇಳಿಸಿ ಹೇಳಿದಳು. ಮೌಲಾಸಾಬ ಸೂಟಿಯ ದಿನ ಮನೆಯಲ್ಲಿ ಹೊಲಿಗೆ ಯಂತ್ರ, ಪಂಪು ರಿಪೇರಿ ಮಾಡುತ್ತಾನೆ. ಗಿರಣಿಯ ಕಾನೂನಿನ ಪ್ರಕಾರ ಹೊರಗಿನ ಕೆಲಸ ಮಾಡಿದವನಿಗೆ ನೌಕರಿ ಇಲ್ಲ. ಓಣಿಯಲ್ಲೂ ಇದು ಯಾರಿಗೂ ಗೊತ್ತಿಲ್ಲ. ಯಂತ್ರಗಳು ಗೋಣಿಚೀಲದಲ್ಲಿ ಬಂದು ಗೋಣಿಚೀಲದಲ್ಲೇ ಹೋಗುತ್ತವೆ.

‘ಇದನ್ನ ಬರದ್ರಿ ಅಂದ್ರ ನಮ್ಮ ಒಲಿ ಆರತೈತ್ರಿ ಸಾಹೇಬ್ರ.’

‘ಬರೀಬೇಕವಾ. ಬರೀಲಿಲ್ಲಂದ್ರ ಗಿರಣಿ ಪಗಾರದಾಗ ನೀವು ಆರಾಮ ಅದೀರಿ ಅಂತ ಆಗ್ತದ. ಆದ್ರ ನಿಮ್ಮ ಹೆಸರು ಈ ಕಾಗದದ ಗಂಟಿನ ಹೊರಗ ಹೋಗೂದಿಲ್ಲ.’

‘ಹೆಂಗ ನಂಬೂದ್ರಿ?’

‘ನನ್ನ ನಂಬಬ್ಯಾಡ್ರಿ. ನಾನೂ ನನ್ನ ನಂಬೂದಿಲ್ಲ. ಹೆಸರು ಹೊರಗ ಹಾಕಬಾರದು ಅಂತ ಕಾಯ್ದೆ ಅದ. ಕಾಯ್ದೇಕ ನಾ ಭಾಳ ಅಂಜತೀನಿ.’

ಹುಸೇನಬಿ ಅವರ ಮುಖವನ್ನೇ ನೋಡಿದಳು. ಆಮೇಲೆ ಗಂಡನನ್ನು ಹೊರಗೆ ಕರೆದಳು. ಆತ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಬಂದು ಎಲ್ಲವನ್ನೂ ಹೇಳಿದ. ರಾಯರು ಎರಡೂ ಗಲ್ಲ ಬಡಿದುಕೊಂಡು ಪೆನ್ಸಿಲು ಹಿಡಿದರು.

ಆ ಹೊತ್ತಿಗೆ ಹಿಂದಿನ ಸಲದ ಸಮೀಕ್ಷೆಯ ಫಲ ಪತ್ರಿಕೆಯಲ್ಲಿ ಬಂತು. ಕುಟುಂಬಗಳ ಸರಾಸರಿ ಆದಾಯ ಏರಿದೆ, ಇದ್ದವರ ಇಲ್ಲದವರ ನಡುವಿನ ಅಂತರ ಕಡಿಮೆಯಾಗುತ್ತಿದೆ ಎಂದು. ಬಡವನ ಗಳಿಕೆ ದಿನಕ್ಕೆ ಎಷ್ಟು ಎಂದು ದಿಲ್ಲಿಯಲ್ಲಿ ದೊಡ್ಡವರು ಜಗಳಾಡುತ್ತಿದ್ದ ಕಾಲ ಅದು. ಗಿರಣಿಯ ಎದುರಿನ ಚಹಾದ ಅಂಗಡಿಯಲ್ಲಿ ಒಬ್ಬ ಗಟ್ಟಿಯಾಗಿ ಓದಿದ. ಉಳಿದವರು ನಮಗೆ ಕೇಳಲಿ ಎಂದೇ ಮಾತಾಡಿದರು.

‘ಸರಾಸರಿ ಅಂದ್ರ ಏನಲೇ ಅದು?’

‘ಸಾವಕಾರನ ಹಂತೇಕ ಮೋಟಾರ ಅದಾವು. ನಮ್ಮ ಹಂತೇಕ ಹರಕ ಚಪ್ಪಲಿ. ಕೂಡಿಸಿ ಹಂಚಿದ್ರ ನಿನಗೊಂದು ಗಾಲಿ, ನನಗೊಂದು ಗಾಲಿ. ಹತ್ತಿ ಹೋಗು.’

‘ನನ್ನ ಪಾಲಿನ ಗಾಲಿ ಎಲ್ಲಿ ಇಟ್ಟಾರಂತ ಆ ರಾಯರನ್ನ ಕೇಳೋ.’

ರಾಯರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ದಾರಿಯಲ್ಲಿ ನಾನು, ‘ಮಂದಿಗೆ ತಿಳವಳಿಕಿ ಇಲ್ರಿ’ ಎಂದೆ. ಅವರು ತಲೆ ಅಲ್ಲಾಡಿಸಿದರು. ‘ತಿಳದದ ಅಂತನ ನಗ್ಲಿಕ್ಕೆ ಹತ್ಯಾರ್ರಿ.’

ನಿಜವಾದ ಅಂಜಿಕೆ ಆಮೇಲೆ ಬಂತು. ಗಿರಣಿಯ ಕೆಲಸಗಾರರು ತುಟ್ಟಿಭತ್ಯೆ ಹೆಚ್ಚಿಸಬೇಕೆಂದು ಹಟ ಹಿಡಿದರು. ಗಿರಣಿಯ ವ್ಯವಸ್ಥಾಪಕ, ನಿಮಗೆಲ್ಲ ಹೊರಗಿನ ಗಳಿಕೆ ಇದೆ, ಸುಮ್ಮನೆ ಅಳುತ್ತೀರಿ ಎಂದ. ತೋರಿಸು ಎಂದರು ಇವರು. ತೋರಿಸುವ ಕಾಗದ ಅವನ ಹತ್ತಿರ ಇರಲಿಲ್ಲ. ನಮ್ಮ ಹತ್ತಿರ ಇತ್ತು. ಓಣಿಯ ಎಲ್ಲ ಮನೆಗಳ ಕಾಗದಗಳು ಕೆಂಪು ಬಟ್ಟೆಯ ಒಂದೇ ಗಂಟಿನಲ್ಲಿ ರಾಯರ ಮೇಜಿನ ಮೇಲಿದ್ದವು. ತಪಾಸಣೆ ಮುಗಿದಿತ್ತು. ಸಂಜೆಯ ಟಪಾಲಿಗೆ ಅರಗಿನ ಮುದ್ರೆ ಹಾಕಿ ಮೇಲಿನ ಕಚೇರಿಗೆ ಕಳಿಸುವುದಷ್ಟೇ ಬಾಕಿ. ಅದರೊಳಗೆ ಮೌಲಾಸಾಬನ ಕಾಗದವೂ ಇತ್ತು. ಅದೊಂದು ಕಾಗದ ವ್ಯವಸ್ಥಾಪಕನ ಕಣ್ಣಿಗೆ ಬಿದ್ದರೆ ಆತನ ನೌಕರಿ ಹೋದಂತೆಯೇ.

ಅಂದು ಬೆಳಿಗ್ಗೆ ವ್ಯವಸ್ಥಾಪಕನ ಮೋಟಾರು ನಮ್ಮ ಆಫೀಸಿನ ಮುಂದೆ ಬಂದು ನಿಂತಿತು. ಆತ ಆಫೀಸಿನ ದೊಡ್ಡ ಸಾಹೇಬರ ಕೋಣೆಗೆ ಹೋದ. ನಮ್ಮ ಸಾಹೇಬರು ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವವರು. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಇಂದಿಗೂ ಅಂಜಿಕೆ. ಸ್ವಲ್ಪ ಹೊತ್ತಿಗೆ ವ್ಯವಸ್ಥಾಪಕ ಹೊರಗೆ ಹೋಗಿ ಮೋಟಾರಿನಲ್ಲಿ ಕೂತ. ಮೋಟಾರು ಹೋಗಲಿಲ್ಲ. ಊಟದ ಹೊತ್ತಿಗೆ ಸಾಹೇಬರು ತಾವೇ ನಮ್ಮ ಮೇಜಿನ ಹತ್ತಿರ ಬಂದರು.

‘ಏನ್ರೀ ರಾಯರೇ, ಊಟಕ್ಕೆ ಹೋಗಲಿಲ್ವೆ?’

‘ಹೋಗ್ತೀನ್ರಿ ಸರ.’

‘ಹೋಗಿಬನ್ನಿ. ಆರಾಮವಾಗಿ ಊಟ ಮಾಡಿ. ಗಂಟು ಇಲ್ಲೇ ಇರಲಿ, ಯಾರು ತಗೊಂಡು ಹೋಗ್ತಾರೆ? ನಿಮ್ಮ ಪೆನ್ಷನ್ ಕಾಗದ ಇವತ್ತು ನನ್ನ ಮೇಜಿಗೆ ಬಂದಿದೆ. ಸಂಜೆ ಮಾತಾಡೋಣ.’

ಅಷ್ಟೇ. ಕಾಗದ ತೋರಿಸು ಎಂದು ಯಾರೂ ಹೇಳಲಿಲ್ಲ. ರಾಯರು ಎದ್ದು ಹೋಗಿ ಊಟ ಮಾಡಿದ್ದರೆ ಸಾಕಿತ್ತು. ಆಮೇಲೆ ಏನಾದರೂ ಅವರ ಮೇಲೆ ಬರುತ್ತಿರಲಿಲ್ಲ. ಬಂದರೂ, ನಾ ಊಟಕ್ಕೆ ಹೋಗಿದ್ದೆ ಎನ್ನಬಹುದಿತ್ತು. ಅವರ ನಿವೃತ್ತಿ ಹತ್ತಿರ ಬಂದಿತ್ತು. ಮನೆಯಲ್ಲಿ ವಿಧವೆ ತಂಗಿ ಇದ್ದಳು, ಲಗ್ನಕ್ಕೆ ಬಂದ ಮಗಳಿದ್ದಳು. ಇವೆಲ್ಲ ಸಾಹೇಬರಿಗೂ ಗೊತ್ತು.

ಸಾಹೇಬರು ಕೋಣೆಗೆ ಹೋಗಿ ಬಾಗಿಲನ್ನು ಅರ್ಧ ತೆರೆದಿಟ್ಟು ಕೂತರು. ಉಳಿದವರೆಲ್ಲ ಊಟಕ್ಕೆ ಎದ್ದರು. ರಾಯರು ಗಂಟಿನ ಮೇಲೆ ಎರಡೂ ಕೈ ಇಟ್ಟರು.

‘ನೀವು ಹೋಗ್ರಿ,’ ಎಂದರು ನನಗೆ. ‘ನೀವು ಹೊಸಬರು. ನಿಮ್ಮ ತಂದೆಯವರು ಕಷ್ಟಪಟ್ಟು ಓದಿಸ್ಯಾರ. ಇಲ್ಲಿರಬ್ಯಾಡ್ರಿ.’

ನಾನು ಹೋಗಲಿಲ್ಲ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಹೊರಗೆ ಹೋಗಬೇಕಾದರೆ ಆ ಅರ್ಧ ತೆರೆದ ಬಾಗಿಲಿನ ಮುಂದೆ ಹಾಯ್ದು, ಆ ಮೋಟಾರಿನ ಮುಂದೆ ಹಾಯ್ದು ಹೋಗಬೇಕಿತ್ತು. ಅಪ್ಪನ ತುಂಬಿದ ಕೊಡ ತಲೆಯ ಮೇಲೆ ಅಲ್ಲಾಡುತ್ತಿರುವಂತೆ ಕೂತಿದ್ದೆ.

ಊಟದ ಹೊತ್ತು ಮುಗಿಯಿತು. ಸಾಹೇಬರು ಮತ್ತೆ ಬಂದರು.

‘ಹೊಟ್ಟೆ ಹಸಿವಿಲ್ವೇನ್ರಿ?’

‘ಇಲ್ರಿ ಸರ.’

‘ಸ್ವಲ್ಪ ಹೊರಗೆ ಅಡ್ಡಾಡಿ ಬನ್ನಿ. ಮುಖ ಬಾಡಿದೆ.’

‘ಕಾಲು ನಡಗ್ಲಿಕ್ಕೆ ಹತ್ಯಾವ್ರಿ ಸರ. ಬಿದ್ದಗಿದ್ದೇನು.’

ಅದು ನಿಜವಾಗಿತ್ತು. ಮೇಜು ಅಲ್ಲಾಡುವಷ್ಟು ನಡುಗುತ್ತಿದ್ದರು. ಹಣೆಯ ಬೆವರು ಗಂಟಿನ ಕೆಂಪು ಬಟ್ಟೆಯ ಮೇಲೆ ಬಿದ್ದು ಕಪ್ಪಗೆ ಹರಡುತ್ತಿತ್ತು. ಆಫೀಸಿನ ಸಿಪಾಯಿ ನೀರು ತಂದಿಟ್ಟ, ಕುಡಿಯಲಿಲ್ಲ. ಕುಡಿದರೆ ಹೊರಗೆ ಹೋಗಬೇಕಾಗುತ್ತದೆ ಎಂದು ಆಮೇಲೆ ನನಗೆ ಹೊಳೆಯಿತು. ಸಾಹೇಬರು ಗಂಟೆ ಬಾರಿಸಿ ಕರೆಸಿದರು. ರಾಯರು ಎದ್ದರು, ಗಂಟನ್ನು ಎದೆಗೆ ಅವುಚಿಕೊಂಡೇ ಕೋಣೆಗೆ ಹೋದರು. ಒಳಗಿನ ಮಾತು ನನಗೆ ಕೇಳಿಸಿತು.

‘ಆ ಗಂಟು ಯಾಕ್ರೀ ತಂದಿರಿ?’

‘ರೂಢಿ ಆಗ್ಯದ್ರಿ ಸರ.’

‘ಕೆಳಗಿಡಿ.’

ಸಾಹೇಬರ ಫ್ಯಾನಿನ ಸಪ್ಪಳ ಮಾತ್ರ. ಆಮೇಲೆ ರಾಯರ ದನಿ, ತೀರ ಸಣ್ಣದು: ‘ಆಗೂದಿಲ್ರಿ ಸರ. ತಪ್ಪ ತಿಳೀಬ್ಯಾಡ್ರಿ.’

ಹೊರಗೆ ಬಂದಾಗ ಅವರ ಮುಖ ಬೂದಿಯಂತಾಗಿತ್ತು. ಅವರು ಮತ್ತೆ ಅದೇ ಕುರ್ಚಿಯಲ್ಲಿ, ಗಂಟು ತೊಡೆಯ ಮೇಲಿಟ್ಟುಕೊಂಡು ಕೂತರು. ಹೊತ್ತು ಇಳಿಯಿತು. ಟಪಾಲಿನವನು ಬಂದ. ಅರಗು ಕಾಯಿಸಿದೆವು. ರಾಯರು ಸುರಿದ ಅರಗು ಮೇಜಿನ ಮೇಲೆ ಚೆಲ್ಲಿತು. ಮುದ್ರೆಯನ್ನು ನನ್ನ ಕೈಗೆ ಕೊಟ್ಟರು. ನಾನು ಒತ್ತಿದೆ. ಹೊರಗೆ ಮೋಟಾರು ಸುರುವಾದ ಸಪ್ಪಳ ಕೇಳಿತು.

ಮೌಲಾಸಾಬನ ನೌಕರಿ ಉಳಿಯಿತು. ರಾಯರಿಗೆ ಕಾರವಾರಕ್ಕೆ ವರ್ಗವಾಯಿತು; ಪೆನ್ಷನ್ ಕಾಗದ ಯಾವ್ಯಾವುದೋ ಆಕ್ಷೇಪಣೆಗಳನ್ನು ಹೊತ್ತು ಕಚೇರಿಯಿಂದ ಕಚೇರಿಗೆ ತಿರುಗಿತು. ಸಮುದ್ರಕ್ಕೆ ಅಂಜುವ ಮನುಷ್ಯ ಸಮುದ್ರದ ದಂಡೆಗೆ ಹೋದರು. ಹೋಗುವ ಮುಂದೆ ನನಗೆ ಹೇಳಿದರು: ‘ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ಆಡಿದ್ರ ಯಾವ ಮನಿ, ಯಾಕ ಅಂತ ಕೇಳ್ತಾರ. ಅದೂ ಹೆಸರು ಹೇಳಿದಂಗ ಆಗ್ತದ.’

ನಾನು ಆಡಲಿಲ್ಲ. ಆಡದೆ ಇದ್ದುದರಿಂದ ಓಣಿ ತನ್ನದೇ ಲೆಕ್ಕ ಹಾಕಿತು. ವ್ಯವಸ್ಥಾಪಕನ ಮೋಟಾರು ದಿನವಿಡೀ ನಮ್ಮ ಆಫೀಸಿನ ಮುಂದೆ ನಿಂತದ್ದನ್ನು ಗಾಡಿಯವನೊಬ್ಬ ನೋಡಿದ್ದ. ಆಮೇಲೆ ಭತ್ಯೆ ಸಿಗಲಿಲ್ಲ. ರಾಯರು ಇದ್ದಕ್ಕಿದ್ದಂತೆ ಕಾಣೆಯಾದರು. ಅಂಜುಬುರುಕ ಸಾಹೇಬ ನಮ್ಮ ಲೆಕ್ಕ ಮಾರಿ, ಬಡ್ತಿ ತಗೊಂಡು ಹೋದ ಎಂದರು. ನಾನು ಮತ್ತೆ ಕಾಗದ ಹಿಡಿದು ಹೋದಾಗ ಎಲ್ಲ ಬಾಗಿಲೂ ಮುಚ್ಚಿದವು. ಈ ಸಲ ನಗುವವರೂ ಇರಲಿಲ್ಲ. ಒಬ್ಬ ಮುದುಕ ಕಿಟಕಿಯಿಂದ, ‘ನಿನಗೂ ಮಾರೂದ ಕಲಿಸಿ ಹೋದ್ನ ಅಂವ?’ ಎಂದ. ಮುಚ್ಚಿದ ಬಾಗಿಲಿನ ಮುಂದೆ ನಿಂತು ನಾನು ಸುಮ್ಮನೆ ಕೇಳಿಸಿಕೊಂಡೆ.

ಈಗ ಇದನ್ನು ಬರೆಯಲು ಕಾರಣ, ಮೌಲಾಸಾಬ ಗಿರಣಿ ಬಿಟ್ಟು ರಿಪೇರಿಯ ಸ್ವಂತ ಅಂಗಡಿ ಹಾಕಿದ್ದಾನೆ. ಇನ್ನು ಆತನಿಂದ ಕಸಿದುಕೊಳ್ಳುವ ನೌಕರಿ ಇಲ್ಲ. ರಾಯರು ಹೋದ ಸುದ್ದಿ ತಿಳಿದ ಮರುದಿನ ಆ ಅಂಗಡಿಗೆ ಹೋದೆ. ಹುಸೇನಬಿ ಅಂಗಡಿಯ ಬಾಗಿಲಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಸುದ್ದಿ ಹೇಳಿದೆ. ಆಕೆಯ ಕೈ ನಿಂತಿತು.

‘ಪಾಪ. ಅವರು ನಮ್ಮನ್ನ ಮಾರಿದ್ರು ಅಂತ ಓಣಿ ಎಲ್ಲಾ ಅಂತು. ನಾ ಒಬ್ಬಾಕೀನ ನಂಬಲಿಲ್ಲ ನೋಡ್ರಿ.’

‘ಯಾಕ ನಂಬಲಿಲ್ಲ?’

‘ಮಾರಾಕ ಧೈರ್ಯಾ ಬೇಕಲ್ರಿ!’ ಎಂದು ನಕ್ಕು, ಸತ್ತವರ ಸುದ್ದಿ ಎಂದು ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಗ ನಾನು ಆ ದಿನದ ಸಂಗತಿ ಹೇಳಿದೆ. ಗಂಟು, ಮೋಟಾರು, ಅರ್ಧ ತೆರೆದ ಬಾಗಿಲು, ಊಟ ಬಿಟ್ಟು ನೀರು ಬಿಟ್ಟು ಕೂತದ್ದು, ಕಾರವಾರ, ಪೆನ್ಷನ್ನು. ಒಳಗೆ ಮೌಲಾಸಾಬ ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟ. ಹುಸೇನಬಿ ಬೀಡಿಯ ಮೊರ ಪಕ್ಕಕ್ಕೆ ಸರಿಸಿದಳು.

‘ಅಂಜಲಿಲ್ಲೇನ್ರಿ ಅವತ್ತ ಅವರು?’ ಎಂದು ಕೇಳಿದಳು.

‘ಭಾಳ ಅಂಜಿದ್ರು. ಮೇಜು ಅಲ್ಲಾಡಾಕತ್ತಿತ್ತು.’

ಆಕೆ ಕಣ್ಣೊರೆಸಿಕೊಂಡಳು.

‘ಹಂಗಾದ್ರ ಅವರು ನಮ್ಮವರೇ ಬಿಡ್ರಿ.’